ಅಕ್ಕಿ ಡಬ್ಬದೊಳಗಿನ ಕಮಲಮ್ಮ

ಚಿಂತೆ ಮಾಡುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ. ಹಲ್ಲಿ ಲೊಚಗುಟ್ಟಿದರೆ ಚಿಂತೆ, ಲೊಚಗುಟ್ಟದಿದ್ದರೆ ಹಲ್ಲಿಗೇನಾಯಿತೋ ಎಂದು ಚಿಂತೆ. ವಿಮಾನದಲ್ಲಿ ಕೂತರೆ ಇಳಿಯುವವರೆಗೂ ರೆಕ್ಕೆಯ ಮೇಲೆ ಕಣ್ಣಿಟ್ಟಿರುತ್ತೇನೆ. ನಾನು ನೋಡುವುದನ್ನು ಬಿಟ್ಟರೆ ಅದು ಕಳಚಿಕೊಂಡೀತೆಂಬ ಭಯ. ಇಷ್ಟು ಮುನ್ನೆಚ್ಚರಿಕೆಯ ಮನುಷ್ಯ ದಿವಾಳಿಯಾದದ್ದು ಹೇಗೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಾಯತ್ರಿಯೂ ಅದನ್ನೇ ಕೇಳುತ್ತಾಳೆ, ದಿನಕ್ಕೆರಡು ಸಲ, ಬಿ.ಪಿ. ಮಾತ್ರೆ ತಗೊಂಡಿರಾ ಎಂದು ಕೇಳುವ ದನಿಯಲ್ಲೇ. ಉತ್ತರ ಸರಳ. ಆಗಬಹುದಾದ ಎಲ್ಲ ಅನಾಹುತಗಳನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ, ಆದದ್ದೊಂದನ್ನು ಬಿಟ್ಟು.

ಕಂಪನಿಯವರು ನನ್ನನ್ನು ಬೆಂಗಳೂರಿನಿಂದ ನೈರೋಬಿಗೆ ಕಳಿಸಿ ಹನ್ನೆರಡು ವರ್ಷವಾಯಿತು. ಟೆಲಿಕಾಂ ಕೆಲಸ, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಫೀಸು, ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಫ್ಲಾಟು. ಸುಮ್ಮನೆ ಇರಬಹುದಿತ್ತು. ಕೆಲಸ ಬಿಟ್ಟು, ಒಂದು ಕಂಟೇನರ್ ತುಂಬ ವೆಟ್ ಗ್ರೈಂಡರ್ ತರಿಸಿದೆ. ಇಷ್ಟು ದೊಡ್ಡ ಊರಿನಲ್ಲಿ ಹಿಟ್ಟು ರುಬ್ಬುವವರು ಇಲ್ಲದೆ ಹೋದಾರೆಯೇ ಎಂಬುದು ನನ್ನ ಲೆಕ್ಕ. ಇಲ್ಲದೆ ಹೋದರು. ಇಲ್ಲಿಯವರು ಉಣ್ಣುವ ಉಗಾಲಿ ಎಂದರೆ ಮೆಕ್ಕೆಜೋಳದ ಮುದ್ದೆ, ಅದಕ್ಕೆ ರುಬ್ಬುವ ಕೆಲಸವೇ ಇಲ್ಲ. ಹತ್ತು ವರ್ಷ ಇದೇ ಊರಿನಲ್ಲಿದ್ದು, ಎದುರಿಗೇ ಕೂತು ಊಟ ಮಾಡುವವರನ್ನು ದಿನಾ ನೋಡಿಯೂ ಇದು ನನಗೆ ಹೊಳೆದಿರಲಿಲ್ಲ. ಗ್ರೈಂಡರುಗಳು ಎಂಬಕಸಿ ಬಡಾವಣೆಯ ಗೋದಾಮಿನಲ್ಲಿ ಕೂತವು; ಬಾಡಿಗೆ ಮಾತ್ರ ಓಡತೊಡಗಿತು. ಒಂದು ಕ್ರೆಡಿಟ್ ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟಿದೆ, ಅದರಿಂದ ತೆಗೆದು ಮೂರನೆಯದಕ್ಕೆ. ಕೊನೆಗೆ ಮೂರೂ ಒಟ್ಟಿಗೆ ನನ್ನ ಮುಖ ನೋಡಿದಾಗ ವಕೀಲ ಕಮಾವು ಅವರ ಆಫೀಸಿನ ಮೆಟ್ಟಿಲು ಹತ್ತಿದೆ.

ಕಮಾವು ದೊಡ್ಡ ಆಳು, ಸಣ್ಣ ದನಿ. ಅವರು ದಿವಾಳಿ ಅರ್ಜಿಯ ಹಾಳೆಗಳನ್ನು ಒಂದೊಂದೇ ತಿರುವುತ್ತಿದ್ದಾಗ ನಾನು ಕಿಟಕಿಯ ಕಡೆ ನೋಡುತ್ತ ಕೇಳಿದೆ: "ನನ್ನ ಸ್ನೇಹಿತನೊಬ್ಬನಿಗೆ ಒಂದು ಅನುಮಾನ. ಇಂಥ ಅರ್ಜಿ ಹಾಕುವವನು ಒಂದೇ ಒಂದು ಕಾರ್ಡು ಇಟ್ಟುಕೊಳ್ಳಬಹುದಾ ಅಂತ."

"ಆ ಸ್ನೇಹಿತರೂ ಗ್ರೈಂಡರ್ ತರಿಸಿದ್ದಾರಾ?" ಎಂದರು ಕಮಾವು.

ಅವರೇ ಮುಂದುವರಿಸಿದರು. ಇರುವ ಕಾರ್ಡೆಲ್ಲ ಬರೆಯಬೇಕು. ಬಾಕಿ ಇರುವುದು, ಇಲ್ಲದ್ದು, ಎದ್ದಿರುವುದು, ಮಲಗಿರುವುದು, ಎಲ್ಲ. ಕೊನೆಯಲ್ಲಿ ಪ್ರಮಾಣ ಮಾಡಿ ಸಹಿ ಹಾಕಬೇಕು. "ಒಂದನ್ನು ಮುಚ್ಚಿಟ್ಟದ್ದು ಗೊತ್ತಾದರೆ ಸಾಲದಿಂದ ಬಿಡುಗಡೆಯೂ ಕಷ್ಟ, ನಿಮ್ಮ ಬಿಡುಗಡೆಯೂ ಕಷ್ಟ. ನಿಮ್ಮ ಸ್ನೇಹಿತರಿಗೆ ಹೇಳಿ." ನಾನು ಮೂರು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. "ಇಷ್ಟೇನಾ?" ಎಂದರು. "ಇಷ್ಟೇ" ಎಂದೆ. ಹಾಗೆನ್ನುವಾಗ ನನ್ನ ಎಡಗಣ್ಣು ಅದುರಿತು. ಗಂಡಸರಿಗೆ ಎಡವೋ ಬಲವೋ ಎಂಬುದು ನನಗೆ ಎಂದೂ ನೆನಪಿರುವುದಿಲ್ಲವಾದ್ದರಿಂದ ಎರಡು ಕಣ್ಣಿನದನ್ನೂ ಅಪಶಕುನವೆಂದೇ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ಕಾರ್ಡೊಂದಿತ್ತು. ಖಾತೆ ನನ್ನದು, ಕಾರ್ಡಿನ ಮೇಲಿನ ಹೆಸರು ನನ್ನ ಅಮ್ಮನದು.

ಅಮ್ಮ ಕೊನೆಯ ಕೆಲವು ವರ್ಷ ನಮ್ಮ ಜೊತೆ ಇಲ್ಲೇ ಇದ್ದಳು. ಆಗ ನನ್ನ ಕೈ ನೆಟ್ಟಗಿತ್ತು, ಜಂಬವೂ ಇತ್ತು. ಅಮ್ಮನ ಹೆಸರಿನಲ್ಲೂ ಒಂದು ಕಾರ್ಡು ಇರಲಿ ಎಂದು ನನ್ನ ಖಾತೆಗೆ ಸೇರಿಸಿ ಮಾಡಿಸಿಕೊಟ್ಟೆ. ಬ್ಯಾಂಕಿನ ಫಾರಂನಲ್ಲಿ ಅಡ್ಡಹೆಸರು ಕೇಳಿದ್ದರು. ಅಮ್ಮನಿಗೆ ಅಡ್ಡಹೆಸರೆಲ್ಲಿಯದು? ಅಲ್ಲಿಯ ಹುಡುಗಿ ಖಾಲಿ ಬಿಡುವಂತಿಲ್ಲವೆಂದು ಇದ್ದ ಹೆಸರನ್ನೇ ಎರಡು ಸಲ ತುಂಬಿದಳು. ಹಾಗೆ ಬಂದದ್ದು 'ಕಮಲಮ್ಮ ಕಮಲಮ್ಮ' ಎಂಬ ಕಾರ್ಡು. ಅಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, "ಯಾಕೋ ಎರಡು ಸಲ ಕೂಗಿದಾರೆ, ನನಗೇನು ಕಿವುಡೇ?" ಎಂದಳು. ಆದರೂ ಅವಳಿಗೆ ಅದರ ಮೇಲೆ ಬಹಳ ಗೌರವ. ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ನನ್ನ ಲ್ಯಾಪ್‌ಟಾಪು, ಕಾರಿನ ಬೀಗದಕೈ, ಇವುಗಳ ಸಾಲಿನಲ್ಲಿ ಕಾರ್ಡನ್ನೂ ಮಲಗಿಸಿ, ನೆತ್ತಿಗೆ ಸರಿಯಾಗಿ, ಅಂದರೆ ಚಿಪ್‌ನ ಮೇಲೆಯೇ, ಒದ್ದೆ ಕುಂಕುಮ ಇಡುತ್ತಿದ್ದಳು. ಒಮ್ಮೆ ಅಂಗಡಿಯ ಮೆಷಿನ್ನು ಅದನ್ನು ಒಲ್ಲೆನೆಂದಾಗ ಕ್ಯಾಷಿಯರ್ ಹೆಂಗಸು ಉಗುರಿನಿಂದ ಕೆರೆದು, ಬೆರಳಿಗಂಟಿದ ಕೆಂಪು ನೋಡಿ, "ರಕ್ತವಾ?" ಎಂದು ಮೆಲ್ಲಗೆ ಕೇಳಿದಳು. ಅಮ್ಮ ನಗುತ್ತ ಅವಳ ಹಣೆಗೂ ಒಂದಿಷ್ಟು ಹಚ್ಚಿ ಬಂದಳು.

ಅಮ್ಮ ಹೋಗಿ ಮೂರು ವರ್ಷವಾಯಿತು. ಬ್ಯಾಂಕಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಆ ವಾಕ್ಯ ಬರೆಯಲು ಕೂತಾಗಲೆಲ್ಲ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು. ಅಮ್ಮನ ಅವಧಿ ಮುಗಿದರೂ ಕಾರ್ಡಿನದು ಮುಗಿದಿರಲಿಲ್ಲ. ಈಗ ಅದನ್ನು ಬಚ್ಚಿಡಲು ನನಗೆ ಎರಡು ಕಾರಣ. ಒಂದು, ಅಮ್ಮನನ್ನು ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನ ಕೌಂಟರಿನಲ್ಲಿ ನಾನು ಕಾರ್ಡು ಕೊಟ್ಟದ್ದು, ಒಳಗಿನ ಬಾಗಿಲು ತೆರೆದದ್ದು ನನ್ನ ತಲೆಯಲ್ಲಿ ಒಟ್ಟಿಗೆ ಕೂತುಬಿಟ್ಟಿವೆ. ಕಾರ್ಡಿಲ್ಲದ ಮನೆಯಲ್ಲಿ ನಾಳೆ ಯಾರಿಗಾದರೂ ಎದೆ ಹಿಡಿದುಕೊಂಡರೆ? ಎರಡನೆಯದು, ತಾಯಿಯ ಋಣ ತೀರಿಸಬೇಕಾದ ಮಗ, ದಿವಾಳಿಯವರ ಪಟ್ಟಿಯಲ್ಲಿ ತಾಯಿಯ ಹೆಸರು ಬರೆಯುವುದೇ? ಅದೂ ಎರಡು ಸಲ?

ಕಾರ್ಡನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟೆ. ಗಾಯತ್ರಿಗೆ ಹೇಳಲಿಲ್ಲ. ಹದಿನಾರು ವರ್ಷದ ಮಗಳು ಅನಘಾಳಿಗಂತೂ ದಿವಾಳಿಯ ವಿಷಯವನ್ನೇ ಹೇಳಿರಲಿಲ್ಲ. ಮಾರಿದ ಕಾರು ಅವಳ ಪಾಲಿಗೆ ನಾಲ್ಕು ತಿಂಗಳಿನಿಂದ ಗ್ಯಾರೇಜಿನಲ್ಲಿತ್ತು.

ಮೂರು ಕಾರ್ಡು ಹೋದ ಮೇಲೆ ನನ್ನ ಫೋನು ಮೌನವಾಯಿತು. ಮೊದಲು ದಿನವಿಡೀ ಕಿಣಿಕಿಣಿ ಎನ್ನುತ್ತಿದ್ದದ್ದು ಈಗ ಮೇಜಿನ ಮೇಲೆ ಕಪ್ಪಗೆ ಬಿದ್ದಿರುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಕರೆಂಟು ಹೋಗಿತ್ತು. ಎದುರಿನ ಮರದ ಮೇಲೆ ಬೋಳುತಲೆಯ ಮರಬೂ ಕೊಕ್ಕರೆಯೊಂದು ಕಪ್ಪು ಕೋಟಿನ ಪುರೋಹಿತನ ಹಾಗೆ ಕೂತು ನಮ್ಮ ಅಡುಗೆಮನೆಯನ್ನೇ ನೋಡುತ್ತಿತ್ತು. ಫೋನು ಒಮ್ಮೆ ಕಿಣಿ ಎಂದಿತು. 'ಪ್ರಿಯ ಕಮಲಮ್ಮ ಕಮಲಮ್ಮ, ನಿಮ್ಮ ಕಾರ್ಡು ಈಗ ತಾನೇ ಲಂಗಾಟದಲ್ಲಿ ಬಳಕೆಯಾಗಿದೆ. ಧನ್ಯವಾದ.'

ಗಂಟೆ ನೋಡಿದೆ. ನಾಲ್ಕೂ ಹತ್ತು. ಅಮ್ಮ ಕಾಫಿ ಕುಡಿಯುತ್ತಿದ್ದ ಹೊತ್ತು.

ಅಡುಗೆಮನೆಗೆ ಹೋಗಿ ಮೊಣಕೈವರೆಗೂ ಅಕ್ಕಿಯೊಳಗೆ ಕೈ ಇಳಿಸಿದೆ. ಕಾರ್ಡು ಇಟ್ಟಲ್ಲೇ ಇತ್ತು, ತಣ್ಣಗೆ. ಲಂಗಾಟ ಎಂದರೆ ಈ ಊರಿನವರಿಗೆ ಮೊದಲು ನೆನಪಾಗುವುದು ಅಲ್ಲಿಯ ದೊಡ್ಡ ಸ್ಮಶಾನ. ನಾನು ಪಂಚಾಂಗ ತೆಗೆದೆ. ಅವತ್ತು ಅಮಾವಾಸ್ಯೆ. ಮುಂದಿನ ತಿಂಗಳು ಅದೇ ತಾರೀಖು, ಅದೇ ನಾಲ್ಕೂ ಹತ್ತಕ್ಕೆ, ಮತ್ತೆ ಅದೇ ಮೆಸೇಜು. ಆ ಸಲ ಅಮಾವಾಸ್ಯೆ ಇರಲಿಲ್ಲ. ಅಮಾವಾಸ್ಯೆಯ ಹಂಗೂ ಇಲ್ಲದ್ದು ಎಂದು ಇನ್ನಷ್ಟು ಹೆದರಿದೆ.

ಆಮೇಲೆ ಫೋನ್ ಕರೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಬಹಳ ಮೃದುವಾದ ಹೆಣ್ಣುದನಿ: "ಕಮಲಮ್ಮ ಕಮಲಮ್ಮ ಇದ್ದಾರಾ?"

ನಾನು ಬೆಳೆದ ಬೀದಿಯಲ್ಲಿ ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ದೆವ್ವ ನಮ್ಮವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಮೂರನೇ ಕೂಗಿಗೆ ಮೊದಲು ಓ ಎನ್ನಬಾರದು, ಬರಹ ಓದಿದರೆ ಅದು ಪಾಪ ಹಿಂದಕ್ಕೆ ಹೋಗಿ ಮಾರನೆಯ ದಿನ ಬರುತ್ತದೆ. ಈ ಹುಡುಗಿ ಕೂಗಿದ್ದು ಎರಡೇ ಸಲ. "ಅವರು... ಇಲ್ಲ" ಎಂದೆ.

"ಯಾವಾಗ ಬರುತ್ತಾರೆ?"

"ನಾಳೆ ಮಾಡಿ" ಎಂದುಬಿಟ್ಟೆ.

ಮಾರನೆಯ ದಿನ ಹನ್ನೆರಡಕ್ಕೆ ಅದೇ ದನಿ, ಅದೇ ಎರಡು ಕೂಗು. ಮತ್ತೆ ನಾಳೆ ಎಂದೆ. ಹೀಗೆ ಒಂಬತ್ತು ದಿನ. ಆ ಹುಡುಗಿಯ ಶ್ರದ್ಧೆಯನ್ನು ನೋಡಿದರೆ, ನಮ್ಮ ಬೀದಿಯ ದೆವ್ವ ಬ್ಯಾಂಕಿನ ಕೆಲಸಕ್ಕೆ ಸೇರಿಕೊಂಡಿದೆ ಎನ್ನುವುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಯ ಮಧ್ಯಾಹ್ನ ಗಾಯತ್ರಿ ಹೂವು ತರಲು ಹೋಗಿದ್ದಾಗ ನಾನು ಎಂದಿನಂತೆ ಅಕ್ಕಿಗೆ ಕೈ ಹಾಕಿ ಕಾರ್ಡನ್ನು ಮೇಲೆತ್ತಿದೆ. ಚಿಪ್‌ನ ಮೇಲೆ ಕುಂಕುಮವಿತ್ತು. ಹಳೆಯದಲ್ಲ, ಆಗತಾನೇ ಇಟ್ಟ ಒದ್ದೆ ಕುಂಕುಮ. ನನ್ನ ಹೆಬ್ಬೆರಳಿಗೆ ಅಂಟಿತು. ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಜಕರಂದದ ನೇರಳೆ ಹೂವು ಒಂದೊಂದೇ, ಗಾಳಿಯಿಲ್ಲದೆ, ಉದುರುತ್ತಿತ್ತು. ಡಬ್ಬದ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೂವಿನ ಪೊಟ್ಟಣ ಹಿಡಿದು ಬಂದ ಗಾಯತ್ರಿ ನನ್ನನ್ನೂ ಕಾರ್ಡನ್ನೂ ನೋಡಿದಳು.

"ಗಾಯತ್ರಿ, ಅಮ್ಮ ಬಂದಿದ್ಲು" ಎಂದೆ.

"ಯಾವ ಅಮ್ಮಾನೂ ಇಲ್ಲ, ನಾನೇ ಇಟ್ಟಿದ್ದು. ಅಲ್ಲ ರೀ, ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತೀರಲ್ಲ, ಈ ಮನೇಲಿ ಅನ್ನ ಮಾಡೋರು ಯಾರು ಅಂದ್ಕೊಂಡಿದೀರಿ? ಇಟ್ಟ ದಿನಾನೇ ಲೋಟಕ್ಕೆ ಬಂತು. ಪಾಪ, ಬಚ್ಚಿಡೋ ಖುಷಿ ಆದ್ರೂ ಇರ್ಲಿ ಅಂತ ಮತ್ತೆ ಅಲ್ಲೇ ಹೂತೆ. ಅತ್ತೆ ಇದ್ದಾಗ ಪೂಜೆ ತಪ್ಪಿಸಿರ್ಲಿಲ್ಲ, ನಾನ್ಯಾಕೆ ತಪ್ಪಿಸ್ಲಿ?"

ಆಗ ಎಲ್ಲ ಒಪ್ಪಿಕೊಂಡೆ. ಮೆಸೇಜು, ಒಂಬತ್ತು ದಿನದ ಕರೆ, ಲಂಗಾಟ. ಗಾಯತ್ರಿ ಹೂವಿನ ದಾರ ಬಿಚ್ಚುತ್ತಲೇ ಕೇಳಿಸಿಕೊಂಡಳು. "ಅತ್ತೇನ ನಾವು ಲಂಗಾಟದಲ್ಲಿ ಮಣ್ಣು ಮಾಡಿಲ್ಲವಲ್ಲ, ಸುಟ್ಟಿದೀವಿ. ಅಲ್ಲಿಗ್ಯಾಕೆ ಹೋಗ್ತಾರೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಾಡಿದ್ದು ಶನಿವಾರ ಹೋಗಿ ನೋಡ್ಕೊಂಡು ಬರೋಣ" ಎಂದಳು. ಅವಳೂ ಹೆದರಿದ್ದಾಳೆಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು. ಅರ್ಜಿಗೆ ಸಹಿ ಹಾಕಲು ಇನ್ನು ಉಳಿದಿದ್ದದ್ದು ಐದು ದಿನ.

ಶನಿವಾರ ಟ್ಯಾಕ್ಸಿ ಕರೆಸಿದೆವು. ಸೋಫಾದಲ್ಲಿ ಮಲಗಿದ್ದ ಅನಘಾ ಎಲ್ಲಿಗೆ ಎಂದಳು. ಲಂಗಾಟದಲ್ಲಿ ಸ್ವಲ್ಪ ಕೆಲಸ ಎಂದೆ, ಆದಷ್ಟು ಸಹಜವಾಗಿ.

"ಓ, ಅಜ್ಜೀಸ್ ಎಲಿಫೆಂಟ್? ಕ್ಯಾನ್ ಐ ಕಮ್?" ಎಂದಳು ಅವಳು, ಫೋನಿನಿಂದ ಕಣ್ಣೆತ್ತದೆ.

ನಾವಿಬ್ಬರೂ ಬಾಗಿಲಿನಿಂದ ಹಿಂದಕ್ಕೆ ಬಂದು ಅವಳಿಂದ ಎಲ್ಲ ಬಿಡಿಸಿ ಕೇಳಿದೆವು. ಲಂಗಾಟದಲ್ಲಿ ತಾಯಿಯಿಲ್ಲದ ಆನೆಮರಿಗಳನ್ನು ಸಾಕುವ ಜಾಗವೊಂದಿದೆ. ಶಾಲೆಯಿಂದ ಒಮ್ಮೆ ಅನಘಾಳನ್ನು ಅಲ್ಲಿಗೆ ಕರೆದೊಯ್ದಿದ್ದರು. ಜೊತೆಗೆ ಅಜ್ಜಿಯೂ ಹೋಗಿದ್ದಳು. ಸೀರೆಯುಟ್ಟ ಅಜ್ಜಿ ಒಂದು ಮರಿಯನ್ನು ನೋಡಿ, ಗಣಪ ಎಂದು ಕೈಮುಗಿದು, ಇವನ ಹಾಲಿನ ಖರ್ಚು ನನ್ನದು ಎಂದಳಂತೆ. ಹನ್ನೊಂದು ವರ್ಷದ ಮೊಮ್ಮಗಳು ಅಲ್ಲೇ ಫೋನಿನಲ್ಲಿ ಅಜ್ಜಿಯ ಕಾರ್ಡಿನ ನಂಬರು ತುಂಬಿ, ತಿಂಗಳು ತಿಂಗಳೂ ತಾನಾಗಿ ಹೋಗುವ ಹಾಗೆ ಮಾಡಿಕೊಟ್ಟಳಂತೆ, ಸಂಜೆ ನಾಲ್ಕೂ ಹತ್ತಕ್ಕೆ. ಐದು ವರ್ಷದಿಂದ ಮೆಸೇಜು ಬರುತ್ತಲೇ ಇತ್ತು, ಉಳಿದವುಗಳ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ಬಾಕಿಯೂ ನನ್ನ ಬ್ಯಾಂಕ್ ಖಾತೆಯಿಂದಲೇ ತಾನಾಗಿ ಕಟ್ಟಿಹೋಗುತ್ತಿತ್ತು. ದಿವಾಳಿಗೆಂದು ಆ ಖಾತೆ ಮುಚ್ಚಿದ ಮೇಲೆಯೇ ಮೃದುದನಿಯ ಹುಡುಗಿ ಫೋನ್ ಮಾಡತೊಡಗಿದ್ದು.

"ನಮಗೆ ಯಾಕೆ ಹೇಳಲಿಲ್ಲ?" ಎಂದೆ.

"ಅಜ್ಜಿ ಸೆಡ್ ಡೋಂಟ್ ಟೆಲ್ ಅಪ್ಪ, ಹೀ ವಿಲ್ ವರಿ" ಎಂದಳು. ಟ್ಯಾಕ್ಸಿ ಹತ್ತುವಾಗ ಇನ್ನೊಂದು ಸೇರಿಸಿದಳು: "ಆ್ಯಂಡ್ ಅಪ್ಪ, ಐ ನೋ ದ ಕಾರ್ ಈಸ್ ಸೋಲ್ಡ್."

ಹಾಲಿನ ಖರ್ಚು ಕೊಡುವವರಿಗೆ ಅಲ್ಲಿ ಸಂಜೆ ಪ್ರತ್ಯೇಕ ಸಮಯ. ಗೇಟಿನ ಪುಸ್ತಕದಲ್ಲಿ ನೋಡಿ ನಮ್ಮನ್ನು ಒಳಗೆ ಬಿಟ್ಟರು. ಮೋಡ ಕವಿದಿತ್ತು. ಮುಳ್ಳುಪೊದೆಗಳ ಮುಂದೆ ಕೆಂಪು ಮಣ್ಣಿನ ಬಯಲಿನಲ್ಲಿ ನಿಂತೆವು. ಎಲ್ಲ ತಿಳಿದುಹೋಯಿತಲ್ಲ, ಇನ್ನು ಹೆದರುವುದೇನಿದೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದಾಗ ಪೊದೆಗಳ ಆಚೆಯಿಂದ ಒಂದು ಕೂಗು ಕೇಳಿಸಿತು.

"ಬಾರೋ... ಬಾರೋ ಪುಟ್ಟಾ..."

ಕನ್ನಡ. ಅದೂ ಬರೀ ಕನ್ನಡವಲ್ಲ. 'ಪುಟ್ಟಾ' ಎನ್ನುವಾಗ ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆ ಬಿಡುವ, ನನ್ನನ್ನು ಆಟದಿಂದ ಮನೆಗೆ ಕರೆಯುತ್ತಿದ್ದ, ಆ ಒಂದೇ ರಾಗ. ಗಾಯತ್ರಿ ನನ್ನ ತೋಳು ಹಿಡಿದಳು. ನಾನು ಓ ಎನ್ನಲು ಬಾಯಿ ತೆರೆದಿದ್ದೆ. ಎಣಿಸಲಿಲ್ಲ, ಎರಡನೇ ಕೂಗೋ ಮೂರನೆಯದೋ.

ಪೊದೆ ಸರಿಯಿತು. ಹೆಗಲ ಮೇಲೆ ಕಂಬಳಿ ಹೊದ್ದ ಆನೆಮರಿಗಳು ಸಾಲಾಗಿ ಬಂದವು. ಆನೆ ನಡೆದರೆ ಸದ್ದಾಗುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿಯ ಜುಲೈ ಚಳಿಯಲ್ಲಿ ಶಾಲು ಹೊದ್ದು ಬಾಲ್ಕನಿಗೆ ಬರುತ್ತಿದ್ದ ಅಮ್ಮನ ಹಾಗೆ, ಒಂದಾದ ಮೇಲೊಂದು, ಗಿಡ್ಡಗೆ, ಮೌನವಾಗಿ. ಅವುಗಳ ಹಿಂದೆ ಹಸಿರು ಕೋಟಿನ ಕಾವಲುಗಾರ, ನರೆತ ಗಡ್ಡದ ಸ್ಥಳೀಯ ಮನುಷ್ಯ, ಹಾಲಿನ ಬಾಟಲಿ ಹಿಡಿದು, ಇನ್ನೊಮ್ಮೆ "ಬಾರೋ" ಎಂದ.

ಅನಘಾ ಅವನಿಗೆ ನಮ್ಮನ್ನು ಪರಿಚಯಿಸಿದಳು. ಅವನ ಮುಖ ಅರಳಿತು. "ಮಾಮಾ ಕಮಲಾ!" ಎಂದ. ಇಲ್ಲಿ ಮಾಮಾ ಎಂದರೆ ಅಮ್ಮ. "ನನಗೆ ಈ ಮಾತು ಕಲಿಸಿದವರು ಅವರೇ. ಅರ್ಥ ಗೊತ್ತಿಲ್ಲ. ಆದರೆ ಹೀಗೆ ಕರೆದರೆ ಬೇಗ ಬರುತ್ತವೆ. ಹೊಸ ಮರಿಗಳಿಗೂ ಹೀಗೇ ಕಲಿಸುತ್ತೇನೆ." ಅಮ್ಮನ ಗಣಪ ದೊಡ್ಡವನಾಗಿ ಎರಡು ವರ್ಷದ ಹಿಂದೆ ತ್ಸಾವೋ ಕಾಡಿಗೆ ಹೋದನಂತೆ, ಅಲ್ಲಿಯವರೂ ಅವನನ್ನು ಬಾರೋ ಎಂದೇ ಕರೆಯುತ್ತಾರಂತೆ. "ಮಾಮಾ ಹೇಗಿದ್ದಾರೆ?" ಎಂದು ಕೇಳಿದ. ನನ್ನ ಬಾಯಿಂದ ನಾಳೆ ಎಂಬ ಮಾತು ಹೊರಡುವುದರಲ್ಲಿತ್ತು. ತಡೆದು, ತೀರಿಕೊಂಡು ಮೂರು ವರ್ಷವಾಯಿತು ಎಂದೆ. ಆ ವಾಕ್ಯವನ್ನು ಒಬ್ಬ ಹೊರಗಿನವನಿಗೆ ನಾನು ಪೂರ್ತಿ ಹೇಳಿದ್ದು ಅದೇ ಮೊದಲು. "ಪೋಲೆ, ಪೋಲೆ ಸಾನಾ" ಎಂದು ತನ್ನ ಮಾತಿನಲ್ಲಿ ಸಂತಾಪ ಹೇಳಿ ಅವನು ಟೋಪಿ ತೆಗೆದ. ಅಷ್ಟರಲ್ಲಿ ಒಂದು ಮರಿ ಬಂದು ನನ್ನ ಅಂಗಿಯ ಜೇಬಿನ ಮೇಲೆ ಸೊಂಡಿಲ ತುದಿಯಿಟ್ಟು ದೀರ್ಘವಾಗಿ ಮೂಸಿತು. ಜೇಬಿನಲ್ಲಿ ಕಾರ್ಡಿತ್ತು. ಹಾಲು ಹುಡುಕುತ್ತಿದೆ ಎಂದ ಕಾವಲುಗಾರ. ಇರಬಹುದು.

ಸೋಮವಾರ ಕಮಾವು ಅವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಸಹಿಗೆ ಮೊದಲು ಹೇಳಿದಿರಿ, ದೇವರು ದೊಡ್ಡವನು" ಎಂದು ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ನನ್ನ ಸಾಲಗಳಲ್ಲೆಲ್ಲ ಅದೇ ಚಿಕ್ಕದು, ಆನೆಯ ಮೂರು ತಿಂಗಳ ಹಾಲು. ಹೆಸರನ್ನು ನಾನೇ ಬರೆದೆ, ಎರಡು ಸಲ.

ಮಾರನೆಯ ದಿನ ಸರ್ಕಾರಿ ಕಚೇರಿ. ದಾರದಲ್ಲಿ ಕನ್ನಡಕ ತೂಗುಬಿಟ್ಟಿದ್ದ ಅಧಿಕಾರಿ ಹೆಂಗಸು ನಮ್ಮ ಸಾಮಾನಿನ ಪಟ್ಟಿ ಓದುತ್ತಿದ್ದರು. ಗಾಯತ್ರಿ ಎರಡು ಗ್ರೈಂಡರ್ ಇಟ್ಟುಕೊಂಡು ಅಕ್ಕಪಕ್ಕದ ಫ್ಲಾಟುಗಳಿಗೆ ದೋಸೆ ಹಿಟ್ಟು ಮಾರಲು ಶುರುಮಾಡಿದ್ದಳು. ಕಸುಬಿಗೆ ಬೇಕಾದ ಉಪಕರಣಗಳನ್ನು ಕಾನೂನು ಬಿಟ್ಟುಕೊಡುತ್ತದೆ, ಅವನ್ನು ಇಟ್ಟುಕೊಳ್ಳಿ ಎಂದರು. ನನ್ನ ಕಿವಿ ನಿಮಿರಿತು. ಇಷ್ಟೆಲ್ಲ ಆದ ಮೇಲೂ ಬುದ್ಧಿ ಬಂದಿರಲಿಲ್ಲ ನೋಡಿ. "ಮೇಡಂ, ನಮ್ಮಲ್ಲಿ ವರ್ಷಕ್ಕೊಮ್ಮೆ ಉಪಕರಣಗಳಿಗೆ ಪೂಜೆ ಮಾಡುತ್ತೇವೆ. ಉಪಕರಣವಲ್ಲದ್ದಕ್ಕೆ ಮಾಡುವುದಿಲ್ಲ. ಈ ಕಾರ್ಡಿಗೆ ಸತತವಾಗಿ ಪೂಜೆಯಾಗಿದೆ. ಕುಂಕುಮ ಇನ್ನೂ ಇದೆ, ನೋಡಿ" ಎಂದು ಸಾಕ್ಷಿ ಸಮೇತ ಮುಂದೊಡ್ಡಿದೆ. ಮೇಜಿನ ಕೆಳಗೆ ಕಮಾವು ನನ್ನ ಕಾಲು ತುಳಿದರು.

ಆಕೆ ಕಾರ್ಡನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಡ್ರಾಯರಿನಿಂದ ಕತ್ತರಿ ತೆಗೆದು ನನ್ನ ಕೈಗೇ ಕೊಟ್ಟರು. "ಅಮ್ಮನದಾ?" ಎಂದರು. ತಲೆಯಾಡಿಸಿದೆ. ಕಾರ್ಡನ್ನು ಕಣ್ಣಿಗೊತ್ತಿಕೊಂಡು ಒಂದು ಕ್ಷಣ ನಿಂತೆ. ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ಆಕೆ ಎದ್ದು ನಿಂತು ತಲೆ ತಗ್ಗಿಸಿದರು, ಕಮಾವು ತಗ್ಗಿಸಿದರು, ಪಕ್ಕದ ಮೇಜಿನ ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ. ಎರಡು ಕಮಲಮ್ಮನ ನಡುವೆ ಸರಿಯಾಗಿ ಕತ್ತರಿಸಿದೆ. "ಆಮೆನ್" ಎಂದರು ಎಲ್ಲರೂ. ಮೇಜಿನ ಮೇಲೆ ಒಂದು ಚಿಟಿಕೆ ಕುಂಕುಮ ಉದುರಿತು. ಆಕೆ ಅದನ್ನು ಒರೆಸಲಿಲ್ಲ.

ಮುಂದಿನ ತಿಂಗಳು ಅದೇ ತಾರೀಖು, ಮೂರೂವರೆಯಿಂದಲೇ ಫೋನು ಎದುರಿಗಿಟ್ಟುಕೊಂಡು ಕೂತೆ. ನಾಲ್ಕೂ ಹತ್ತಾಯಿತು. ಏನೂ ಬರಲಿಲ್ಲ. ಬರುತ್ತದೆಂದು ಹೆದರಿದ್ದಕ್ಕಿಂತ ಬರಲಿಲ್ಲವೆಂಬುದಕ್ಕೆ ಹೆಚ್ಚು ಹೆದರಿದೆ. ನಾಲ್ಕೂ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಗಾಯತ್ರಿಯ ಫೋನು ಕಿಣಿ ಎಂದಿತು. "ಏನದು?" ಎಂದು ಕೂಗಿದೆ. "ಏನಿಲ್ಲ, ಹಿಟ್ಟಿನ ಆರ್ಡರು" ಎಂದಳು. ಗ್ರೈಂಡರಿನ ಸದ್ದಿನ ಮೇಲೆ ಅವಳು ಸಣ್ಣಗೆ 'ಬಾರೋ ಪುಟ್ಟಾ' ಎಂದು ಗುನುಗಿದ್ದು ಕೇಳಿಸಿತು.

ಅವಳು ಹಿಟ್ಟು ಕೊಡಲು ಕೆಳಗಿಳಿದಾಗ, ಅಭ್ಯಾಸಬಲದಿಂದ, ಅಕ್ಕಿ ಡಬ್ಬಕ್ಕೆ ಕೈ ಇಳಿಸಿದೆ. ತಳದಲ್ಲಿ ಬೆರಳಿಗೆ ಏನೋ ತಗುಲಿತು. ತೆಳ್ಳಗಿತ್ತು, ಚಪ್ಪಟೆ, ತಣ್ಣಗೆ. ದಿವಾಳಿಯಾದವನು ತನಗೆ ಗೊತ್ತಿರುವುದನ್ನೆಲ್ಲ ಹೇಳಬೇಕೆಂದು ಕಾನೂನು. ಗೊತ್ತಿಲ್ಲದ್ದನ್ನು ಹೇಳೆಂದು ಯಾರೂ ಕೇಳಿಲ್ಲ. ಕೈ ಮೇಲಕ್ಕೆ ತೆಗೆದು, ಅಕ್ಕಿ ಸಮ ಮಾಡಿ, ಮುಚ್ಚಳ ಹಾಕಿದೆ. ಬೆರಳು ಕೆಂಪಗಿತ್ತೋ ಇಲ್ಲವೋ, ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ನಲ್ಲಿಯ ಕೆಳಗೆ ತೊಳೆದುಕೊಂಡೆ.